ರಾತ್ರಿ ಹನ್ನೊಂದಾದರೂ ಆರದ ಕೋಣೆ: ಕಲಬುರಗಿಯ ಒಂದು ಮನೆಯ ಪ್ರಕರಣ

ಈ ಮನೆಯವರು ನನ್ನನ್ನು ಕರೆಸಿದ್ದು ಒಂದೇ ಒಂದು ಪ್ರಶ್ನೆಗೆ ಉತ್ತರ ಕೇಳಲು. ಮಹಡಿಯ ಮುಂದಿನ ಕೋಣೆಯಲ್ಲಿರುವ ಒಂದೂವರೆ ಟನ್ನಿನ ಎಸಿಯನ್ನು ಕೊಟ್ಟು ಎರಡು ಟನ್ನಿನದನ್ನು ತರಬೇಕೇ ಎಂಬುದು ಆ ಪ್ರಶ್ನೆ. ಹೋದ ವರ್ಷ ಏಪ್ರಿಲ್ ಕೊನೆಯಲ್ಲಿ ಆರಂಭವಾದ ಆ ಕೆಲಸ ಈ ವರ್ಷದ ಬೇಸಿಗೆಯವರೆಗೂ ನಡೆಯಿತು. ಮನೆಯವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಯಾರ ಮನೆಯೆಂದು ಗುರುತು ಸಿಗದಂತೆ ಬಡಾವಣೆಯ ಹೆಸರನ್ನೂ ಕುಟುಂಬದ ಕೆಲವು ವಿವರಗಳನ್ನೂ ಬಿಟ್ಟಿದ್ದೇನೆ.

ಮನೆ ಮತ್ತು ದೂರು

30×40 ಅಡಿಯ ನಿವೇಶನದಲ್ಲಿ ಕೆಳಗೊಂದು, ಮೇಲೊಂದು ಅಂತಸ್ತು. ರಸ್ತೆ ಪಶ್ಚಿಮಕ್ಕಿದೆ. ಉತ್ತರ ದಕ್ಷಿಣಗಳಲ್ಲಿ ಮೂರು ಮೂರು ಅಡಿಯ ಸಂದಿ ಬಿಟ್ಟು ಅಕ್ಕಪಕ್ಕದವರೂ ಎರಡಂತಸ್ತಿನ ಮನೆ ಕಟ್ಟಿದ್ದಾರೆ. ಹೀಗಾಗಿ ಆ ಬದಿಯ ಕಿಟಕಿಗಳು ಹೆಸರಿಗೆ ಮಾತ್ರ ಕಿಟಕಿಗಳು. ಗೋಡೆಗಳು ಆರು ಇಂಚಿನ ಸಿಮೆಂಟ್ ಬ್ಲಾಕಿನವು, ಸ್ಲ್ಯಾಬು ಐದು ಇಂಚಿನದು. ಮಹಡಿಯಲ್ಲಿ ಮುಂದೊಂದು ಕೋಣೆ, ಹಿಂದೊಂದು ಕೋಣೆ, ನಡುವೆ ಸಣ್ಣ ಹಾಲ್. ಹಾಲಿನ ಮಗ್ಗುಲಿಂದ ಮೆಟ್ಟಿಲು ಮಾಳಿಗೆಗೆ ಹೋಗುತ್ತದೆ, ಅದರ ತುದಿಯಲ್ಲಿ ಸದಾ ಚಿಲಕ ಹಾಕಿದ ಕಬ್ಬಿಣದ ಬಾಗಿಲು. ಕೆಳಗೆ ನಿವೃತ್ತ ಶಿಕ್ಷಕರೂ ಅವರ ಪತ್ನಿಯೂ ಇರುತ್ತಾರೆ. ಮೇಲೆ ಮಗ, ಸೊಸೆ ಮತ್ತು ಇಬ್ಬರು ಮಕ್ಕಳು.

ದೂರು ಎರಡಿದ್ದವು, ಮನೆಯವರು ಅವೆರಡನ್ನೂ ಒಂದೇ ಎಂದುಕೊಂಡಿದ್ದರು. ಮುಂದಿನ ಕೋಣೆಯಲ್ಲಿ ಎಸಿ ಸಂಜೆಯಿಂದ ಓಡಿದರೂ ಉಷ್ಣತೆ 30 ಡಿಗ್ರಿಯಿಂದ ಕೆಳಗಿಳಿಯುತ್ತಿರಲಿಲ್ಲ, ರಾತ್ರಿ ಎರಡರವರೆಗೆ ಯಾರಿಗೂ ನಿದ್ದೆ ಬರುತ್ತಿರಲಿಲ್ಲ. ಹಿಂದಿನ ಕೋಣೆಯಲ್ಲಿ ಕೂಲರ್ ಇತ್ತು. ಅಲ್ಲಿ ಮೊದಲ ಅರ್ಧ ಗಂಟೆ ಹಿತವೆನಿಸಿ, ಆಮೇಲೆ ಮೈಯೆಲ್ಲ ಅಂಟಂಟಾಗುತ್ತಿತ್ತು. ಬೀರುವಿನ ಪ್ಲೈವುಡ್ ಬಾಗಿಲು ಉಬ್ಬಿ, ಮುಚ್ಚಿದರೆ ತೆರೆಯಲು ಕಷ್ಟವಾಗುತ್ತಿತ್ತು. ಅದೇ ಹೊತ್ತಿನಲ್ಲಿ ಕೆಳಗಿನ ಅಂತಸ್ತಿನಲ್ಲಿ ಹಿರಿಯರು ಬರೀ ಫ್ಯಾನಿನ ಗಾಳಿಗೆ ಮಲಗಿ ನಿದ್ದೆ ಮಾಡುತ್ತಿದ್ದರು.

ಮೊದಲು ಅಳತೆ, ಆಮೇಲೆ ನನ್ನ ತಪ್ಪು

ಉಷ್ಣತೆ ಮತ್ತು ತೇವಾಂಶ ಎರಡನ್ನೂ ತೋರಿಸುವ ಸಣ್ಣ ಮೀಟರುಗಳು ಮೂರು, ಮೇಲ್ಮೈಯನ್ನು ಮುಟ್ಟದೆಯೇ ಅದರ ಬಿಸಿಯನ್ನು ಓದುವ ಗನ್ ಥರ್ಮಾಮೀಟರ್ ಒಂದು, ಒಂದು ಕಟ್ಟು ಊದಿನಕಡ್ಡಿ. ನನ್ನ ಸಲಕರಣೆ ಇಷ್ಟೇ. (ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಈ ಕೆಲಸಕ್ಕೆ ಬರುವುದಿಲ್ಲ. ಅದು ಮೈಬಿಸಿಯ ಆಸುಪಾಸಿನ ಅಂಕಿಗಳನ್ನಷ್ಟೇ ಓದುತ್ತದೆ.) ಮೂರು ದಿನ, ಬೆಳಿಗ್ಗೆ ಆರರಿಂದ ರಾತ್ರಿ ಹನ್ನೆರಡರವರೆಗೆ ಗಂಟೆಗೊಮ್ಮೆ ಅಂಕಿ ಬರೆದಿಡುವಂತೆ ಮಗನಿಗೆ ಹೇಳಿದೆ. ಬರೆದವರು ಮಾತ್ರ ಮೇಷ್ಟ್ರು, ಅದೂ ಹಾಜರಿ ಪುಸ್ತಕದಂತೆ ಗೆರೆ ಎಳೆದು.

ಹೊರಗೆ ಮಧ್ಯಾಹ್ನ ಮೂರಕ್ಕೆ 42 ಡಿಗ್ರಿ ಇದ್ದಾಗ ಎಸಿ ಹಾಕದ ಮುಂಗೋಣೆಯಲ್ಲಿ 38, ಹಿಂಗೋಣೆಯಲ್ಲಿ 36, ಕೆಳಗಿನ ಹಾಲಿನಲ್ಲಿ 34 ಡಿಗ್ರಿ ಇತ್ತು. ಮುಂಗೋಣೆಗೆ ಪಶ್ಚಿಮದ ಗೋಡೆಯಿದೆ, ಆರಡಿ ಅಗಲದ ಗಾಜಿನ ಕಿಟಕಿಯಿದೆ. ಕಿಟಕಿಯ ಮೇಲಿನ ಸಜ್ಜಾ ನೆತ್ತಿಯ ಬಿಸಿಲನ್ನು ತಡೆಯುತ್ತದೆಯೇ ಹೊರತು ನಾಲ್ಕು ಗಂಟೆಯ ಮೇಲೆ ಓರೆಯಾಗಿ ನುಗ್ಗುವ ಬಿಸಿಲನ್ನು ತಡೆಯುವುದಿಲ್ಲ. ಇಷ್ಟು ನೋಡಿದ್ದೇ, ಕಳ್ಳ ಸಿಕ್ಕ ಎಂದುಕೊಂಡೆ. ಬಿದಿರಿನ ಚಾಪೆಯ ಪರದೆಯನ್ನು ಕಿಟಕಿಯ ಹೊರಬದಿಗೆ ಇಳಿಬಿಡಿಸಿದೆ. ಬಿಸಿಲು ಗಾಜನ್ನು ದಾಟಿ ಒಳಬಂದ ಮೇಲೆ ಬಟ್ಟೆಯ ಪರದೆ ಎಳೆದರೆ ಬಿಸಿ ಕೋಣೆಯೊಳಗೇ ಉಳಿಯುತ್ತದೆ, ಅದಕ್ಕೇ ಹೊರಬದಿ. ಸಂಜೆ ಐದರ ಅಂಕಿ ಒಂದೂವರೆ ಡಿಗ್ರಿ ಇಳಿಯಿತು. ರಾತ್ರಿ ಹನ್ನೊಂದರ ಅಂಕಿ ಕೂದಲೆಳೆಯಷ್ಟೂ ಅಲುಗಲಿಲ್ಲ.

ಅಲ್ಲಿಗೇ ನನಗೆ ಹೊಳೆಯಬೇಕಿತ್ತು. ಸಂಜೆಯ ಬಿಸಿಲೇ ಕಾರಣವಾಗಿದ್ದರೆ ಸೂರ್ಯ ಮುಳುಗಿ ನಾಲ್ಕು ಗಂಟೆಯಾದ ಮೇಲೂ ಕೋಣೆ ಏಕೆ ಕಾಯುತ್ತಿರಬೇಕು? ಮೇಷ್ಟ್ರ ಪಟ್ಟಿಯಲ್ಲೇ ಉತ್ತರವಿತ್ತು, ನಾನು ಗಾಳಿಯ ಉಷ್ಣತೆಯ ಕಾಲಮ್ಮನ್ನಷ್ಟೇ ಓದಿದ್ದೆ. ಪಕ್ಕದ ಕಾಲಮ್ಮಿನಲ್ಲಿ ಸ್ಲ್ಯಾಬಿನ ಒಳಮೈಯ ಅಂಕಿಗಳಿದ್ದವು. ಮಧ್ಯಾಹ್ನ ಎರಡಕ್ಕೆ 40, ಸಂಜೆ ಆರಕ್ಕೆ 46, ರಾತ್ರಿ ಹನ್ನೊಂದಕ್ಕೆ 42. ಹಿಂಗೋಣೆಯಲ್ಲಿ ಅದೇ ಸ್ಲ್ಯಾಬು ಸಂಜೆ ಆರಕ್ಕೆ 41 ಡಿಗ್ರಿಯಿತ್ತು. ಕಾಂಕ್ರೀಟು ಬಿಸಿಯನ್ನು ನಿಧಾನವಾಗಿ ಹೀರುತ್ತದೆ, ಅಷ್ಟೇ ನಿಧಾನವಾಗಿ ಬಿಡುತ್ತದೆ. ಮೇಲ್ಮೈಗೆ ಮಧ್ಯಾಹ್ನ ತಗಲಿದ ಬಿಸಿ ಕೆಳಮೈಗೆ ಇಳಿಯಲು ಮೂರು ನಾಲ್ಕು ಗಂಟೆ ಹಿಡಿಯುತ್ತದೆ. ಹಳೆಯ ಮನೆಗಳ ದಪ್ಪ ಕಲ್ಲುಗೋಡೆ, ಮಣ್ಣಿನ ಮಾಳಿಗೆಗಳಲ್ಲಿ ಈ ಪಯಣ ಎಷ್ಟೋ ಹೆಚ್ಚು ಹೊತ್ತಿನದು. ಬಿಸಿ ಒಳಗೆ ಬರುವ ಹೊತ್ತಿಗೆ ಮನೆಮಂದಿ ಮಾಳಿಗೆ ಹತ್ತಿ ನಕ್ಷತ್ರಗಳ ಕೆಳಗೆ ಮಲಗಿರುತ್ತಿದ್ದರು. ಐದು ಇಂಚಿನ ಸ್ಲ್ಯಾಬು ಮಾತ್ರ ಸರಿಯಾಗಿ ನಾವು ಹಾಸಿಗೆ ಹಾಸುವ ಹೊತ್ತಿಗೆ ತನ್ನ ಬಿಸಿಯನ್ನೆಲ್ಲ ಕೆಳಗೆ ಸುರಿಯುತ್ತದೆ.

ಆದರೆ ಒಂದೇ ದಿನ ಹಾಕಿದ ಒಂದೇ ಸ್ಲ್ಯಾಬಿನ ಎರಡು ತುದಿಗಳ ನಡುವೆ ಐದು ಡಿಗ್ರಿಯ ವ್ಯತ್ಯಾಸ ಏಕೆ? ಇದು ನನಗೆ ಆಗ ತಿಳಿಯಲಿಲ್ಲ.

ಊದಿನಕಡ್ಡಿ ತೋರಿಸಿದ್ದು

ಅಷ್ಟರಲ್ಲಿ ಗಾಳಿಯ ವಿಚಾರ ನೋಡೋಣವೆಂದು ಒಂದು ರಾತ್ರಿ ಒಂಬತ್ತರ ಹೊತ್ತಿಗೆ ಮುಂಗೋಣೆಯ ಬಾಗಿಲು ಹಾಕಿ, ಎಸಿ ಓಡುತ್ತಿದ್ದಂತೆಯೇ ಊದಿನಕಡ್ಡಿ ಹಚ್ಚಿ ನೆಲದ ಮೇಲೆ ಕುಳಿತೆ. ಬಾಗಿಲ ಕೆಳಗೆ ಮುಕ್ಕಾಲು ಇಂಚಿನ ಸಂದಿತ್ತು. ಕಡ್ಡಿಯನ್ನು ಅದರ ಬಳಿ ಹಿಡಿದರೆ ಹೊಗೆ ಮೇಲೇಳಲೇ ಇಲ್ಲ. ಸೂಜಿಗೆ ಪೋಣಿಸಿದ ದಾರದಂತೆ ನೆಲಕ್ಕೆ ಅಡ್ಡವಾಗಿ, ನೇರ ಕೋಣೆಯೊಳಕ್ಕೆ ಹರಿಯಿತು. ಎಂದರೆ ಹಾಲಿನ 37 ಡಿಗ್ರಿಯ ಗಾಳಿಯನ್ನು ಯಾವುದೋ ಎಳೆದುಕೊಳ್ಳುತ್ತಿದೆ. ಕಡ್ಡಿ ಹಿಡಿದು ಹೊಗೆಯ ಹಿಂದೆಯೇ ಹೋದರೆ ದಾರಿ ಮುಗಿದದ್ದು ಕೋಣೆಗೆ ಸೇರಿದ ಬಚ್ಚಲುಮನೆಯಲ್ಲಿ. ಅಲ್ಲಿ ಆರು ಇಂಚಿನ ಎಕ್ಸಾಸ್ಟ್ ಫ್ಯಾನು ತಿರುಗುತ್ತಿತ್ತು. ಸದ್ದು ಕಡಿಮೆಯಾದ್ದರಿಂದಲೂ ಸದಾ ಇರುವುದರಿಂದಲೂ ಯಾರ ಕಿವಿಗೂ ಅದು ಬೀಳುತ್ತಿರಲಿಲ್ಲ.

ಅದನ್ನು ಆರಿಸಲು ಹೋದಾಗ ಸೊಸೆ ತಡೆದರು: "ಬಂದ್ ಮಾಡಬ್ಯಾಡ್ರಿ ಸರ್, ಬಂದ್ ಮಾಡಿದ್ರ ಖೋಲಿ ತುಂಬ ನಾರ್ತದ."

ನಾತ ಎಲ್ಲಿಂದ ಬರುತ್ತದೆಂದು ನೋಡಿದರೆ ಬಚ್ಚಲ ಮೂಲೆಯ ನಾಣಿ ಟ್ರ್ಯಾಪು, ಎಂದರೆ ನೀರು ಹೊರಹೋಗುವ ಬಾಯಲ್ಲಿ ಕೂರಿಸಿದ ಬಟ್ಟಲು, ಒಣಗಿಹೋಗಿತ್ತು. ಚರಂಡಿಯ ಗಾಳಿ ಒಳಬರದಂತೆ ತಡೆಯುವುದು ಆ ಬಟ್ಟಲಿನಲ್ಲಿ ನಿಲ್ಲುವ ಎರಡಿಂಚು ನೀರೇ ಹೊರತು ಬೇರೇನೂ ಅಲ್ಲ. ನೀರು ಏಕೆ ಒಣಗಿತು? ಬೇಸಿಗೆಯಲ್ಲಿ ಅಲ್ಲಿ ಯಾರೂ ಸ್ನಾನ ಮಾಡುವುದಿಲ್ಲ. ಏಕೆ ಮಾಡುವುದಿಲ್ಲ? ಮಾಳಿಗೆಯ ಮೇಲಿನ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನ ನೀರು ಸಂಜೆಗೆ ಮೈ ಸುಡುವಷ್ಟು ಕಾದಿರುತ್ತದೆ, ಎಲ್ಲರೂ ಕೆಳಗಿನ ಬಚ್ಚಲಿಗೆ ಹೋಗುತ್ತಾರೆ. ಟ್ಯಾಂಕು ಕಾದದ್ದರಿಂದ ಬಚ್ಚಲು ಖಾಲಿ, ಬಚ್ಚಲು ಖಾಲಿಯಾದ್ದರಿಂದ ಟ್ರ್ಯಾಪು ಒಣಗಿ ನಾತ, ನಾತಕ್ಕೆ ಫ್ಯಾನು, ಫ್ಯಾನಿನಿಂದಾಗಿ ಎಸಿ ತಣಿಸಿದ ಗಾಳಿಯೆಲ್ಲ ಹೊರಗೆ. ನಾನು ಒಂದು ಚೊಂಬು ನೀರು ಸುರಿದು ಫ್ಯಾನು ಆರಿಸಿದೆ. ಕಾಲು ಗಂಟೆಯಲ್ಲಿ ನಾತವೂ ಹೋಯಿತು, ಬಾಗಿಲ ಬಳಿ ಹೊಗೆಯೂ ನೆಟ್ಟಗೆ ಎದ್ದಿತು. ಅಂದು ರಾತ್ರಿ ಹನ್ನೊಂದಕ್ಕೆ ಕೋಣೆ 28 ಡಿಗ್ರಿಗೆ ಇಳಿದಿತ್ತು. ಪ್ಲಂಬರ್‌ಗೆ ಕೊಟ್ಟದ್ದೂ ಇಲ್ಲ, ಎಲೆಕ್ಟ್ರಿಷಿಯನ್ನಿಗೆ ಕೊಟ್ಟದ್ದೂ ಇಲ್ಲ.

ಇದರ ಲೆಕ್ಕವನ್ನು ಇಲ್ಲಿ ಬಿಡಿಸಿಡುವುದು ಮೇಲು. ಆ ಅಳತೆಯ ಫ್ಯಾನು ಗಂಟೆಗೆ ಸುಮಾರು 250 ಘನ ಮೀಟರ್ ಗಾಳಿಯನ್ನು ಹೊರಹಾಕುತ್ತದೆ. ಕೋಣೆಯಲ್ಲಿರುವುದೇ ನಲವತ್ತೇಳು ಘನ ಮೀಟರ್. ಅಂದರೆ ಎಸಿ ತಣಿಸಿದ ಗಾಳಿ ಗಂಟೆಗೆ ಐದು ಸಲ ಬದಲಾಗುತ್ತಿತ್ತು. ಹೊರಗೂ ಒಳಗೂ ಹತ್ತು ಡಿಗ್ರಿ ವ್ಯತ್ಯಾಸವಿದ್ದರೆ ಇದು ಮುಕ್ಕಾಲು ಕಿಲೋವ್ಯಾಟಿನಷ್ಟು ಹೊರೆ. ಇನ್ನು ಸ್ಲ್ಯಾಬು. 46 ಡಿಗ್ರಿಯ ಒಳಮೈಯಿಂದ 30 ಡಿಗ್ರಿಯ ಕೋಣೆಗೆ ಇಳಿಯುವ ಬಿಸಿ, ಹದಿನೈದೂವರೆ ಚದರ ಮೀಟರಿಗೆ, ಒಂದೂವರೆ ಕಿಲೋವ್ಯಾಟಿಗೆ ಹತ್ತಿರ ಬರುತ್ತದೆ. ಕೋಣೆಯ ನಡುವೆ ಕಾಯಿಲ್ ಒಲೆ ಹಚ್ಚಿಟ್ಟು ಎಸಿ ಹಾಕಿದಂತೆ. ಒಂದೂವರೆ ಟನ್ನಿನ ಎಸಿಯ ಸಾಮರ್ಥ್ಯ 5.3 ಕಿಲೋವ್ಯಾಟ್, ಆದರೆ ಆ ಅಂಕಿ ಹೊರಗೆ 35 ಡಿಗ್ರಿ ಇದ್ದಾಗಿನದು. ನಮ್ಮ ಕಡೆಯ 42ರಲ್ಲಿ ಅಷ್ಟು ಸಿಗುವುದಿಲ್ಲ. ಎರಡು ಟನ್ನಿನದನ್ನು ತಂದಿದ್ದರೆ ಗಾಳಿ ಒಂದಷ್ಟು ತಣ್ಣಗಾಗುತ್ತಿತ್ತು, ನಿಜ. ಆದರೆ ಕಾದ ಸ್ಲ್ಯಾಬು ಮಲಗಿದವರ ಮೈಗೆ ಹಂಚಿನಂತೆ ನೇರವಾಗಿ ಕಾವು ಹೊಡೆಯುತ್ತದೆ, ನಡುವಿನ ಗಾಳಿ ತಣ್ಣಗಿದ್ದರೂ. "ಎಸಿ ಹಾಕಿದರೂ ತಲೆ ಸುಡುತ್ತದೆ" ಎಂದು ಮಗ ಮೊದಲ ದಿನವೇ ಹೇಳಿದ್ದನ್ನು ನಾನು ಮಾತಿನ ಅಲಂಕಾರವೆಂದುಕೊಂಡಿದ್ದೆ.

"ಮೊದ್ಲ ಹಿಂಗಿರಲಿಲ್ಲರಿ"

ಐದು ಡಿಗ್ರಿಯ ಗುಟ್ಟನ್ನು ಬಿಡಿಸಿದವರು ಹಿರಿಯ ಅಮ್ಮನವರು. ಚಹಾ ತಂದಿಟ್ಟು, ಯಾರೂ ಕೇಳದೆಯೇ, "ಮೊದ್ಲ ಹಿಂಗಿರಲಿಲ್ಲರಿ ಆ ಖೋಲಿ. ಎರಡು ವರ್ಸ ಆತ್ ನೋಡ್ರಿ, ಸೋರೂದು ನಿಂತ ಮ್ಯಾಲ ಹಿಂಗಾತು" ಎಂದರು. ಮಗ ನಕ್ಕು, ಬಿಸಿಲು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆಯಲ್ಲ ಎಂದರು. ನಾನು ಚಹಾ ಬಿಟ್ಟು ಮಾಳಿಗೆ ಹತ್ತಿದೆ.

ಮುಂಗೋಣೆಯ ಮೇಲೆ, ಅಷ್ಟೇ ಅಗಲಕ್ಕೆ, ಕಪ್ಪನೆಯ ಡಾಂಬರಿನ ಶೀಟು ಹಾಸಿ ಅಂಟಿಸಿದ್ದರು. ಎರಡು ಮಳೆಗಾಲದ ಹಿಂದೆ ಅಲ್ಲಿ ಸೋರಿತ್ತು. ಶೀಟು ಹಾಕಿಸಿದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ, ಆ ಕೆಲಸ ಚೆನ್ನಾಗಿಯೇ ಆಗಿತ್ತು. ಮಧ್ಯಾಹ್ನ ಎರಡರ ಬಿಸಿಲಿನಲ್ಲಿ ಗನ್ ಹಿಡಿದರೆ ಕಪ್ಪು ಶೀಟು 68 ಡಿಗ್ರಿ ತೋರಿಸಿತು, ಅದರ ಅಂಚಿನಾಚೆ ಹಿಂಗೋಣೆಯ ಮೇಲಿನ ಮಾಸಿದ ಸಿಮೆಂಟ್ ಗಾರೆ 54. ಹಿಂಗೋಣೆಗೆ ಮಧ್ಯಾಹ್ನದ ನಂತರ ಟ್ಯಾಂಕು ಮತ್ತು ಮೆಟ್ಟಿಲುಕೋಣೆಯ ನೆರಳೂ ಸಿಗುತ್ತಿತ್ತು. ನೀರು ನಿಲ್ಲಿಸಿದ ಶೀಟು ಬಿಸಿಲನ್ನು ಕರೆದಿತ್ತು. ಸೋರಿಕೆ ನಿಂತ ಮರು ಬೇಸಿಗೆಯಲ್ಲೇ ಈ ಮನೆಗೆ ಎಸಿ ಬಂದಿತ್ತು. ಎರಡನ್ನೂ ಜೋಡಿಸಿ ನೋಡಿದವರು ಆ ಅಮ್ಮ ಒಬ್ಬರೇ.

ನಾನು ಕಳೆದುಕೊಂಡದ್ದು ಹತ್ತು ದಿನ. ಈಗ ಹೇಗಿದೆ ಎಂದು ಕೇಳಿದ್ದೆನೇ ಹೊರತು ಎಂದಿನಿಂದ ಹೀಗಿದೆ, ಅದಕ್ಕೆ ಮುಂಚೆ ಮನೆಯಲ್ಲಿ ಏನು ಬದಲಾಯಿತು ಎಂದು ಕೇಳಿರಲಿಲ್ಲ. ಈಗ ಯಾವ ಮನೆಗೆ ಹೋದರೂ ಮೀಟರು ತೆಗೆಯುವ ಮುಂಚೆ ಆ ಎರಡು ಪ್ರಶ್ನೆ ಕೇಳುತ್ತೇನೆ, ಅದೂ ಹಗಲೆಲ್ಲ ಮನೆಯಲ್ಲೇ ಇರುವವರನ್ನು.

ಮುಂದೇನು ಎಂಬುದು ಸುಲಭದ ತೀರ್ಮಾನವಾಗಿರಲಿಲ್ಲ. ಶೀಟು ಕಿತ್ತರೆ ಸೋರಿಕೆ ಮರಳುತ್ತದೆ. ಸುಣ್ಣ ಬಳಿಯುವುದು ಎಲ್ಲಕ್ಕಿಂತ ಅಗ್ಗ, ಆದರೆ ಡಾಂಬರಿನ ಮೇಲೆ ಸುಣ್ಣ ನಿಲ್ಲುವುದಿಲ್ಲ. ಪರೀಕ್ಷೆಗೆಂದು ನಾಲ್ಕಡಿ ಚೌಕಕ್ಕೆ ಬಳಿದದ್ದು ನಾಲ್ಕನೆಯ ದಿನಕ್ಕೆ ಸಿಪ್ಪೆಯಾಗಿ ಎದ್ದಿತು. ಎದ್ದರೂ ಅದು ತನ್ನ ಕೆಲಸ ಮಾಡಿತ್ತು, ಸುತ್ತ 68 ಇದ್ದಾಗ ಆ ಚೌಕದ ಮೇಲೆ 47 ತೋರಿಸಿ ಮನೆಯವರನ್ನು ಒಪ್ಪಿಸಿತ್ತು. ಒಡೆದ ಬಿಳಿ ಟೈಲ್ಸ್ ಹಾಸುವುದಕ್ಕೆ ಗಾರೆಯ ಭಾರ ಬೀಳುತ್ತದೆ, ಗಾರೆಗೂ ಡಾಂಬರಿಗೂ ಅಂಟು ಬರುವುದಿಲ್ಲ. ಹಸಿರು ಶೇಡ್ ನೆಟ್ಟನ್ನು ಮಗನೇ ತಂದು ಶೀಟಿನ ಮೇಲೆ ನೇರವಾಗಿ ಹಾಸಿದರು, ಅದರಿಂದ ಲಾಭ ಅಷ್ಟಕ್ಕಷ್ಟೆ. ನೆಟ್ಟೂ ಕಾದು ತನ್ನ ಕೆಳಗಿನ ಶೀಟನ್ನೂ ಕಾಯಿಸುತ್ತಿತ್ತು. ಪೈಪು ನಿಲ್ಲಿಸಿ ಮೂರಡಿ ಎತ್ತರಕ್ಕೆ ಕಟ್ಟಿದಾಗ ಕೆಳಗೆ ಗಾಳಿ ಆಡಿ, ಸ್ಲ್ಯಾಬಿನ ಒಳಮೈ ನಾಲ್ಕು ಡಿಗ್ರಿ ಇಳಿಯಿತು. ಐದು ರಾತ್ರಿ ಎಲ್ಲರೂ ನಿದ್ದೆ ಮಾಡಿದರು. ಆರನೆಯ ಸಂಜೆ ಮೇ ತಿಂಗಳ ಗುಡುಗು ಮಳೆಯ ಮುಂಗಾಳಿ ಬೀಸಿ ನೆಟ್ಟು ಪಕ್ಕದವರ ಮಾಳಿಗೆಗೆ ಹಾರಿತು, ಒಂದು ಪೈಪು ಬೀದಿಗೆ ಬಿತ್ತು. ಯಾರಿಗೂ ಪೆಟ್ಟಾಗದಿದ್ದುದು ಪುಣ್ಯ. ಅಂಥ ಗಾಳಿ ಬರುತ್ತದೆಂದು ಗೊತ್ತಿದ್ದೂ ತಾತ್ಕಾಲಿಕ ಕಟ್ಟು ಸಾಕೆಂದಿದ್ದು ನಾನೇ.

ಕೊನೆಗೆ ಡಾಂಬರಿಗೆ ಹೊಂದುವ ಪ್ರೈಮರ್ ಹಚ್ಚಿ, ಅದರ ಮೇಲೆ ಬಿಸಿಲನ್ನು ಹಿಮ್ಮೆಟ್ಟಿಸುವ ಬಿಳಿ ಲೇಪವನ್ನು ಎರಡು ಸಲ ಕೊಡಿಸಿದೆವು. ಪ್ರೈಮರ್ ಇಲ್ಲದೆ ಬಿಳಿ ಬಳಿದರೆ ಡಾಂಬರಿನ ಎಣ್ಣೆ ಒಸರಿ ಒಂದೇ ಬೇಸಿಗೆಯಲ್ಲಿ ಕಂದಾಗುತ್ತದೆ, ಕಂದಾದ ಮೇಲೆ ಕೊಟ್ಟ ಹಣ ದಂಡ. ಹಿಂಗೋಣೆಯ ಭಾಗಕ್ಕೆ ಅಂಟು ಬೆರೆಸಿದ ಸುಣ್ಣವೇ ಸಾಕಾಯಿತು. ಟ್ಯಾಂಕಿಗೂ ಬಿಳಿ ಬಳಿದು ಪಶ್ಚಿಮಕ್ಕೆ ಒಂದು ತಗಡಿನ ಮರೆ ನಿಲ್ಲಿಸಿದರು. ಎಲ್ಲ ಸೇರಿ ಹೊಸ ಎಸಿಗೆಂದು ಎತ್ತಿಟ್ಟ ಹಣದ ಅರ್ಧವೂ ಮುಗಿಯಲಿಲ್ಲ. ಸಂಜೆ ಆರಕ್ಕೆ ಮುಂಗೋಣೆಯ ಸ್ಲ್ಯಾಬಿನ ಒಳಮೈ 46ರಿಂದ 39ಕ್ಕೆ ಬಂತು.

ಬಂದ ಗಾಳಿ ಹೋಗುವುದೆಲ್ಲಿ

ಹಿಂಗೋಣೆಯ ಕೂಲರ್ ಯಾವ ದೋಷವೂ ಇಲ್ಲದ ಯಂತ್ರ, ಇಟ್ಟ ಜಾಗ ಮಾತ್ರ ತಪ್ಪು. ಕೋಣೆಯೊಳಗೆ, ಕಿಟಕಿಯಿಂದ ಒಂದು ಗಜ ದೂರದಲ್ಲಿ ಅದನ್ನಿಟ್ಟು, ತಂಪು ಹೊರಗೆ ಹೋಗಬಾರದೆಂದು ಬಾಗಿಲು ಕಿಟಕಿ ಭದ್ರಪಡಿಸಿದ್ದರು. ಕೂಲರ್ ತಂಪನ್ನು ಹುಟ್ಟಿಸುವುದಿಲ್ಲ. ಒಣಗಾಳಿಗೆ ನೀರು ಕುಡಿಸಿ ಅದರ ಬಿಸಿಯನ್ನು ಆವಿಗೆ ವ್ಯಯ ಮಾಡಿಸುತ್ತದೆ. 42 ಡಿಗ್ರಿ, ತೇವಾಂಶ ಶೇಕಡ 20 ಇರುವ ಗಾಳಿಯನ್ನು ಒಳ್ಳೆಯ ಪ್ಯಾಡು 28ರ ಹತ್ತಿರಕ್ಕೆ ಇಳಿಸಬಲ್ಲದು. ಆದರೆ ಕುಡಿದ ಗಾಳಿಯನ್ನೇ ಮತ್ತೆ ಕುಡಿಸಿದರೆ ಅದು ಕುಡಿಯುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಒಂದು ಗಂಟೆಗೆ ತೇವಾಂಶ 78 ಮುಟ್ಟಿತ್ತು. ಬೀರುವಿನ ಬಾಗಿಲು ಉಬ್ಬಿದ್ದೂ ಅದರಿಂದಲೇ.

ಕಿಟಕಿಯ ಹೊರಗೆ ಕಬ್ಬಿಣದ ಸ್ಟ್ಯಾಂಡು ಹಾಕಿಸಿ ಕೂಲರನ್ನು ಅಲ್ಲಿಗೆ ಸಾಗಿಸಿದೆವು. ಅದು ಹೊರಗಿನ ಒಣಗಾಳಿಯನ್ನೇ ಸೇದಬೇಕು, ಒಳಬಂದ ಗಾಳಿ ಎದುರಿನ ಬಾಗಿಲಿನಿಂದ ಹೊರಹೋಗಬೇಕು. ಬಾಗಿಲನ್ನು ಒಂದು ಗೇಣು ತೆರೆದಿಡುವಂತೆ ಹೇಳಿದಾಗ ಮಕ್ಕಳಿಗೂ ನಂಬಿಕೆ ಬರಲಿಲ್ಲ, ತಂಪೆಲ್ಲ ಹೋಗುವುದಿಲ್ಲವೇ ಎಂದರು. ಆದರೆ ಬಾಗಿಲಾಚೆಗೂ ಗಾಳಿಗೆ ದಾರಿ ಬೇಕಿತ್ತು, ಹಾಲಿನಿಂದ ಮೇಲೆ ಹೋಗುವ ಒಂದೇ ದಾರಿ ಮಾಳಿಗೆಯ ಆ ಕಬ್ಬಿಣದ ಬಾಗಿಲು. ಮಂಗಗಳ ಭಯಕ್ಕೆ, ಕಳ್ಳರ ಭಯಕ್ಕೆ ಅದನ್ನು ಮುಚ್ಚಿದ್ದರು, ಆ ಭಯ ಸುಳ್ಳಲ್ಲ. ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಸರಳು ಮತ್ತು ಸೊಳ್ಳೆಜಾಲರಿಯ ಇನ್ನೊಂದು ಬಾಗಿಲು ಮಾಡಿಸಿ ಒಳಬದಿಗೆ ಕೂರಿಸಿದೆವು. ಅದನ್ನು ಹಾಕಿ ಹೊರಗಿನದನ್ನು ತೆರೆದ ಮೊದಲ ರಾತ್ರಿ ಹಾಲಿನಲ್ಲಿ ಹಿಡಿದ ಊದಿನಕಡ್ಡಿಯ ಹೊಗೆ ಒಂದು ಕ್ಷಣ ತಡವರಿಸಿ, ಮೆಟ್ಟಿಲು ಮೆಟ್ಟಿಲು ಹತ್ತಿ ಮೇಲೆ ಹೋಯಿತು. ಕೆಳಗಿನ ಅಂತಸ್ತಿನ ಮೇಷ್ಟ್ರು ತಮ್ಮ ಕಿಟಕಿಯ ಪರದೆ ಒಳಮುಖವಾಗಿ ಆಡುವುದನ್ನು ಅಂದೇ ಮೊದಲು ನೋಡಿದ್ದಂತೆ.

ಇಲ್ಲೊಂದು ಜಗಳ ಉಳಿದಿತ್ತು. ಗಾಳಿ ಆಡಬೇಕೆಂದು ಮೇಷ್ಟ್ರು ಹಗಲೆಲ್ಲ ಕಿಟಕಿ ತೆರೆಯುತ್ತಿದ್ದರು, ಧೂಳೆಂದು ಸೊಸೆ ರಾತ್ರಿಯೆಲ್ಲ ಮುಚ್ಚುತ್ತಿದ್ದರು. ಬೇಕಾದದ್ದು ಸರಿಯಾಗಿ ಇದರ ತಿರುವುಮುರುವು. ಮೇಷ್ಟ್ರ ಪಟ್ಟಿಯ ಪ್ರಕಾರವೇ ಹೊರಗಿನ ಗಾಳಿ ರಾತ್ರಿ ಎಂಟರ ಸುಮಾರಿಗೆ ಒಳಗಿನದಕ್ಕಿಂತ ತಣ್ಣಗಾಗುತ್ತದೆ, ಬೆಳಿಗ್ಗೆ ಎಂಟರ ನಂತರ ಮತ್ತೆ ಬಿಸಿ. ತಾವೇ ಬರೆದ ಅಂಕಿಯಾದ್ದರಿಂದ ಅವರು ವಾದಿಸಲಿಲ್ಲ. ಈಗ ಕೂಲರಿನ ಕಿಟಕಿ ಬಿಟ್ಟು ಉಳಿದವು ಹಗಲು ಮುಚ್ಚಿರುತ್ತವೆ.

ಈ ವರ್ಷ

ಈ ಮೇ ತಿಂಗಳಲ್ಲಿ ಮತ್ತೆ ಹೋಗಿದ್ದೆ. ಮಾಳಿಗೆಯ ಬಿಳುಪಿನ ಮೇಲೆ ಧೂಳು ಕೂತು ಬೂದಿಬಣ್ಣವಾಗಿತ್ತು. ಫೆಬ್ರವರಿ ಕೊನೆಗೆ ತಿಕ್ಕಿ ತೊಳೆಯಬೇಕೆಂದಿದ್ದೆ, ಮರೆತಿದ್ದರು. ನಾನಿದ್ದಾಗಲೇ ಎರಡು ಕೊಡ ನೀರು, ಒಂದು ಪೊರಕೆಯಲ್ಲಿ ತೊಳೆದ ಭಾಗ ಪಕ್ಕದ್ದಕ್ಕಿಂತ ಆರು ಡಿಗ್ರಿ ತಣ್ಣಗಿತ್ತು. ಎಸಿಯನ್ನು 26ಕ್ಕೆ ಇಟ್ಟರೆ ರಾತ್ರಿ ಹತ್ತೂವರೆಗೆ ಕಂಪ್ರೆಸರ್ ತಾನೇ ನಿಲ್ಲುತ್ತಿದೆ. ಜೂನ್ ಮಳೆ ಬಿದ್ದ ಮೇಲೆ ಕೂಲರ್ ಮತ್ತೆ ಅಂಟಂಟಾಗುತ್ತದೆ. ಹೊರಗಿನ ಗಾಳಿಯೇ ತೇವವಾದಾಗ ಅದಕ್ಕೆ ಮದ್ದಿಲ್ಲ, ಪಂಪು ನಿಲ್ಲಿಸಿ ಬರೀ ಫ್ಯಾನು ಹಾಕಿಕೊಳ್ಳಬೇಕು. ಮೇಲಿನ ಬಚ್ಚಲಿನಲ್ಲಿ ಈಗ ಮಕ್ಕಳು ಸ್ನಾನ ಮಾಡುತ್ತಾರೆ.

ಉಳಿದಿರುವುದು ಎಸಿಯ ಹೊರಘಟಕ. ದಕ್ಷಿಣದ ಮೂರಡಿ ಸಂದಿಯಲ್ಲಿ ಪಕ್ಕದ ಗೋಡೆಗೆ ಮುಖ ಮಾಡಿ ಕೂತಿರುವ ಅದು ತಾನು ಉಗುಳಿದ ಬಿಸಿಯನ್ನೇ ಮತ್ತೆ ಉಸಿರಾಡುತ್ತದೆ. ಬಿಸಿಲು ತೀರ ಏರಿದ ಎರಡು ಮಧ್ಯಾಹ್ನ ಅದು ನಿಂತೇ ಹೋಗಿತ್ತಂತೆ. ಮಾಳಿಗೆಗೆ ಏರಿಸೋಣವೆಂದು ಎಸಿಯ ಹುಡುಗ ಬಂದು ಅಳತೆ ತೆಗೆದಿದ್ದಾನೆ, ಸ್ಟ್ಯಾಂಡಿಗೆ ಸ್ಲ್ಯಾಬಿನಲ್ಲಿ ನಾಲ್ಕು ತೂತು ಕೊರೆಯಬೇಕು ಎಂದಿದ್ದಾನೆ. ಕೊರೆದರೆ ಬಿಳಿ ಲೇಪವನ್ನೂ ಡಾಂಬರಿನ ಶೀಟನ್ನೂ ದಾಟಿಯೇ ಕೊರೆಯಬೇಕು. ಬೇಡ, ಪ್ಯಾರಪೆಟ್ ಗೋಡೆಯ ಒಳಬದಿಗೆ ಬ್ರಾಕೆಟ್ ಹಾಕಿಸಿ ಎಂದು ಬರೆದುಕೊಟ್ಟು ಬಂದಿದ್ದೇನೆ.